ಎಡಗೈ ಕೇಳಿಸಲಿಲ್ಲ

ನಮ್ಮ ಮನೆಯಲ್ಲಿ ಸಣ್ಣ ರವೆಯ ಡಬ್ಬಿ ಎರಡಿದ್ದವು. ಒಂದು ಅಮ್ಮನದು, ಉಪ್ಪಿಟ್ಟು ಕೇಸರಿಭಾತುಗಳಿಗೆ. ಇನ್ನೊಂದು ಅಣ್ಣನ ಮೃದಂಗದ್ದು. ಮೃದಂಗದ ಎಡಗಡೆಯ ಮುಚ್ಚಿಗೆಗೆ ನುಡಿಸುವ ಮೊದಲು ರವೆಯನ್ನು ನೀರಿನಲ್ಲಿ ನಾದಿ ಅಂಟಿಸಬೇಕು, ನುಡಿಸಿದ ಮೇಲೆ ಕೆರೆದು ತೆಗೆಯಬೇಕು. ಗಟ್ಟಿಯಾದರೆ ನಡುವೆಯೇ ಒಣಗಿ ಬಿರುಕು ಬಿಡುತ್ತದೆ, ತೆಳುವಾದರೆ ಜಾರುತ್ತದೆ. ಈ ನಾದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಪಾತಿ ಹಿಟ್ಟು ಕಲೆಸುವವಳಿಗೆ ಇದೇನು ಮಹಾ ಎಂದು ಮನೆಯವರ ಲೆಕ್ಕ. ಆದರೆ ರವೆ ಅಂಟಿಸಿ, ಹದ ಸರಿಯಾಗಿದೆಯೇ ಎಂದು ನೋಡಲು ಅಂಗೈ ಬುಡದಿಂದ ಒತ್ತಿ ಒಂದು ಗುಮ್ಕಿ ಎಳೆದು ನೋಡಬೇಕಲ್ಲ! ಆ ಒಂದು ಗುಮ್ಕಿಯಿಂದಲೇ ನನಗೆ ಹುಚ್ಚು ಹಿಡಿದದ್ದು. ಅಣ್ಣ ಕಾಲೇಜಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಅವನ ಪಾಠಗಳನ್ನೆಲ್ಲ ನಾನು ನುಡಿಸಿದೆ. ಕೊನೆಗೆ ಅವನ ಗುರುಗಳೇ ಒಂದು ದಿನ ಹೊರಜಗಲಿಯಲ್ಲಿ ನಿಂತು ಕೇಳಿಸಿಕೊಂಡು, ‘ಈ ಹುಡುಗಿಗೂ ಹೇಳಿಕೊಡ್ತೀನಿ ರಾಯರೇ’ ಎಂದು ಅಪ್ಪನಿಗೆ ಹೇಳಿದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆವು.

1978ರ ರಾಮನವಮಿಗೆ ನಮ್ಮೂರಿನ ಚಪ್ಪರದಲ್ಲಿ ಮಹಿಳಾ ಮಂಡಳಿಯವರ ಹಾಡುಗಾರಿಕೆ. ಮೃದಂಗದವರು ಬರಲಿಲ್ಲವೆಂದು ನನ್ನನ್ನು ಕೂರಿಸಿದರು. ಮೈಕಿನವನು ಹಾಡುವವರ ಮುಂದೊಂದು, ಪಿಟೀಲಿಗೊಂದು, ನನಗೊಂದು ಮೈಕಿಟ್ಟ. ನನ್ನದನ್ನು ಬಲಗೈ ಕಡೆಗೆ ತಿರುಗಿಸಿ, ತೆಂಗಿನ ಮರಕ್ಕೆ ಕಟ್ಟಿದ್ದ ಎರಡು ಹಾರ್ನುಗಳನ್ನು ಬೀದಿಯ ಕಡೆ ಮುಖ ಮಾಡಿಸಿ, ತಾನು ಬೀಡಿ ಸೇದಲು ಹೋದ. ಎರಡು ಗಂಟೆ ನುಡಿಸಿದೆ. ತನಿ ಆವರ್ತನಕ್ಕೆ ಹತ್ತೇ ನಿಮಿಷ ಕೊಟ್ಟರು, ಅದನ್ನೂ ತಪ್ಪಿಲ್ಲದೆ ಮುಗಿಸಿದೆ. ಕೋಸಂಬರಿ ಪಾನಕ ಹಂಚುವಾಗ ಊರಿನ ರಸಿಕರೆಂದು ಹೆಸರಾದ ಹಿರಿಯರೊಬ್ಬರು ಅಪ್ಪನ ಹತ್ತಿರ ಬಂದು, ‘ಬಲಗೈ ಚೆನ್ನಾಗಿದೆ. ಎಡಗೈಯೇ ಇಲ್ಲವಲ್ಲ. ಪಾಪ, ಹೆಣ್ಣುಮಗು, ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬರಬೇಕು?’ ಎಂದರು. ಅಪ್ಪ ಮನೆಗೆ ಬಂದು ಅದೇ ಮಾತನ್ನು ಅಮ್ಮನಿಗೆ ಹೇಳಿದರು. ನನಗೆ ನೇರವಾಗಿ ಹೇಳಲಿಲ್ಲ. ಮುಂದಿನ ವರ್ಷ ಮದುವೆಯಾಯಿತು. ಮೃದಂಗ ಅಟ್ಟ ಹತ್ತಿತು. ಎಡಗೈ ಇಲ್ಲದವಳು ನಾನು ಎಂದು ನಾನೇ ನಂಬಿಕೊಂಡು ಬಹಳ ವರ್ಷ ಕಳೆದೆ.

ಮೈಕನ್ನು ಬೈಯುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಮೈಕಾಸುರ ಎಂದು ಹೆಸರಿಟ್ಟವರು ಯಾರೋ, ಪುಣ್ಯಾತ್ಮರು. ಆದರೆ ಆ ಅಸುರ ಬರುವ ಮೊದಲು ಏನಿತ್ತು ಎಂಬುದನ್ನು ಸ್ವಲ್ಪ ನೋಡಬೇಕು.

ದನಿವರ್ಧಕವಿಲ್ಲದ ಕಾಲದಲ್ಲಿ ಹಾಡುವವರಿಗೆ ಮೊದಲ ಅರ್ಹತೆ ಗಂಟಲು ದೂರ ಮುಟ್ಟುವುದು. ಕಂಪನಿ ನಾಟಕದ ನಟರಾಗಲಿ ಕಚೇರಿಯ ವಿದ್ವಾಂಸರಾಗಲಿ ಶ್ರುತಿಯನ್ನು ಏರಿಸಿಯೇ ಹಾಡುತ್ತಿದ್ದರು. ಎತ್ತರದ ದನಿ ಗುಂಪಿನ ಗದ್ದಲವನ್ನು ಸೀಳಿಕೊಂಡು ಹೋಗುತ್ತದೆ, ತಗ್ಗಿನ ದನಿ ಹತ್ತಿರದವರಿಗಷ್ಟೇ. ಈಗ ಗಂಡಸರು ಒಂದು, ಒಂದೂವರೆ ಮನೆ ಶ್ರುತಿಯಲ್ಲಿ ಹಾಯಾಗಿ ಹಾಡುತ್ತಾರೆ. ಆಗ ಮೂರು ನಾಲ್ಕು ಮನೆಗೆ ಏರುತ್ತಿದ್ದರು. ಶ್ರುತಿ ಏರಿದಾಗ ಮೃದಂಗ ಚಿಕ್ಕದಾಗುತ್ತದೆ. ಹೆಚ್ಚು ಶ್ರುತಿಯ ಮೃದಂಗ ಇಪ್ಪತ್ತೆರಡು ಅಂಗುಲದಷ್ಟು ಉದ್ದ, ತಗ್ಗು ಶ್ರುತಿಯದು ಇಪ್ಪತ್ತನಾಲ್ಕರಷ್ಟು. ಎರಡೇ ಅಂಗುಲದ ವ್ಯತ್ಯಾಸ ಎನ್ನಬೇಡಿ. ಹಲಸಿನ ಮರದ ಆ ಒಡಲಿನಲ್ಲಿ ಎರಡು ಅಂಗುಲ ಎಂದರೆ ಬೇರೆಯೇ ಒಂದು ವಾದ್ಯ.

ವಾದ್ಯದವರ ಪಾಡು ಇನ್ನೂ ಕಷ್ಟ. ನಮ್ಮ ಮೈಸೂರಿನ ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಕಥೆ ಈ ಕಷ್ಟದಿಂದಲೇ ಹುಟ್ಟಿದ್ದು. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಅವರಿಗೆ, ಪಿಟೀಲಿನ ದನಿ ಹಿಂದಿನ ಸಾಲಿನವರಿಗೆ ಮುಟ್ಟುತ್ತಿಲ್ಲ ಎಂಬ ಕೊರತೆ ಕಾಡಿತು. 1920ರ ದಶಕದಲ್ಲಿ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ನಾದವನ್ನು ದಪ್ಪ ಮಾಡಿದರು. ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನವನ್ನು ನೋಡಿದವರಿಗೆ ಅವರ ಹೆಸರು ಗೊತ್ತು. ಆದರೆ ಆ ಏಳು ತಂತಿಗಳು ಮೈಕಿಲ್ಲದ ಕಾಲದ ಮೈಕು ಎಂದು ಎಷ್ಟು ಜನ ಯೋಚಿಸಿದ್ದಾರೋ ಕಾಣೆ.

ಮೃದಂಗಕ್ಕೆ ತಂತಿ ಸೇರಿಸಲಾಗುವುದಿಲ್ಲ. ಅದರ ಜಾಣತನವೆಲ್ಲ ಚರ್ಮದಲ್ಲಿದೆ. ಸಾಮಾನ್ಯ ಚರ್ಮವಾದ್ಯವನ್ನು ಬಡಿದರೆ ಒಂದಕ್ಕೊಂದು ಹೊಂದದ ಹಲವು ದನಿಗಳು ಒಟ್ಟಿಗೆ ಏಳುತ್ತವೆ, ಅದಕ್ಕೇ ಅದು ಬರಿಯ ಸದ್ದು. ಮೃದಂಗದ ಬಲಗಡೆ ನಡುವೆ ಕಪ್ಪಗೆ ಮೆತ್ತಿರುವ ಕರಣೆ ಆ ದನಿಗಳನ್ನೆಲ್ಲ ಒಂದು ಲೆಕ್ಕಕ್ಕೆ ತರುತ್ತದೆ. ಮೂಲದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ತಂತಿವಾದ್ಯದ ಹಾಗೆ ಜೋಡಿಸುತ್ತದೆ. ಇದನ್ನು ಕಂಡು ಬೆರಗಾಗಿ ಬರೆದವರು ಸರ್ ಸಿ.ವಿ. ರಾಮನ್. ಕಲ್ಕತ್ತೆಯಲ್ಲಿದ್ದಾಗ, 1920ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಒಂದು ಚಿಕ್ಕ ಟಿಪ್ಪಣಿ. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ದೊಡ್ಡ ಲೇಖನ. ನೊಬೆಲ್ ಬಂದ ಮೇಲೂ ಮೃದಂಗವನ್ನು ಬಿಡಲಿಲ್ಲ ನೋಡಿ. ಎಡಗಡೆಯ ರವೆ ಮಾಡುವುದೂ ಇಂಥದ್ದೇ ಕೆಲಸ: ಭಾರ ಹೇರಿ ದನಿಯನ್ನು ಕೆಳಕ್ಕೆ ಇಳಿಸುತ್ತದೆ. ನನ್ನ ಹಿಟ್ಟಿನ ಹದಕ್ಕೂ ಭೌತಶಾಸ್ತ್ರಕ್ಕೂ ಸಂಬಂಧವಿದೆ ಎಂದು ತಿಳಿದಾಗ ನನಗೆ ನಲವತ್ತು ದಾಟಿತ್ತು.

ಆ ಕರಣೆ ಮೆತ್ತುವವರು, ಹಸು ಎಮ್ಮೆ ಆಡುಗಳ ಚರ್ಮ ಹದಮಾಡಿ ಬಾರು ಬಿಗಿಯುವವರು ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಮೃದಂಗವನ್ನು ದೇವರ ಮನೆಯ ಪಕ್ಕ ಇಡುತ್ತಿದ್ದೆವು, ವಿಜಯದಶಮಿಗೆ ಕುಂಕುಮ ಹಚ್ಚುತ್ತಿದ್ದೆವು. ಅದನ್ನು ಮಾಡಿದವರನ್ನು ಮಾತ್ರ ಹೊರಜಗಲಿಯಿಂದಲೇ ಕಳಿಸುತ್ತಿದ್ದೆವು. 2020ರಲ್ಲಿ ಟಿ.ಎಂ. ಕೃಷ್ಣ ಅವರು ಮೃದಂಗ ತಯಾರಕರ ಬಗ್ಗೆ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ಬರೆದಾಗ, ತಂಜಾವೂರಿನ ದಲಿತ ಕ್ರೈಸ್ತ ಮನೆತನದವರ ಹೆಸರುಗಳನ್ನು ಮೊದಲ ಬಾರಿ ಓದಿದೆ. ಪಾಲ್ಘಾಟ್ ಮಣಿ ಅಯ್ಯರ್ ಅವರ ನಾದದಲ್ಲಿ ಅರ್ಧ ಪಾಲು, ಅವರಿಗಾಗಿ ವರ್ಷಗಟ್ಟಲೆ ಚರ್ಮ ಹುಡುಕಿ, ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ ಪರ್ಲಾಂದು ಅವರದು ಎನ್ನಿಸಿತು.

ಮೈಕು ನಮ್ಮ ದೇಶಕ್ಕೆ ಮೊದಲು ಬಂದದ್ದು ಸಂಗೀತಕ್ಕಾಗಿ ಅಲ್ಲ, ಭಾಷಣಕ್ಕಾಗಿ. ಹಳೆಯ ಫೋಟೋಗಳಲ್ಲಿ ಗಾಂಧೀಜಿಯವರ ಮುಂದಿನ ಮೈಕಿನ ಮೇಲೆ ‘ಷಿಕಾಗೋ ರೇಡಿಯೋ’ ಎಂದು ಬರೆದಿರುವುದನ್ನು ನೀವೂ ನೋಡಿರಬಹುದು. ಹೆಸರು ಅಮೆರಿಕದ್ದಾದರೂ ನಡೆಸುತ್ತಿದ್ದವರು ಭಾರತೀಯರೇ, ಮೋಟ್ವಾನೆ ಎಂಬ ಸಿಂಧಿ ಮನೆತನದವರು. 1930ರ ದಶಕದಲ್ಲಿ ಅದು ಮದರಾಸಿನ ಸಂಗೀತ ಸಭೆಗಳಿಗೂ ಕಾಲಿಟ್ಟಿತು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ನಿಲಯ ತೆರೆದು ಅದನ್ನು ‘ಆಕಾಶವಾಣಿ’ ಎಂದು ಕರೆದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಶುರುವಾದದ್ದು 1939ರಲ್ಲಿ. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಸಾವಿರಾರು ಜನ ಒಳಗೆ, ಟಿಕೆಟಿಲ್ಲದವರು ಹೊರಗೆ ರಸ್ತೆಯಲ್ಲಿ. ಮೈಕಿಲ್ಲದೆ ಅಷ್ಟು ಜನಕ್ಕೆ ಸಂಗೀತ ಹಂಚುವುದು ಯಾವ ಗಂಟಲಿಗೂ ಸಾಧ್ಯವಿರಲಿಲ್ಲ. ಕರಾವಳಿಯ ಚೆಂಡೆಗೆ ಮಾತ್ರ ಈ ಗೋಳೇ ಇಲ್ಲ. ಆಟವಿದೆ ಎಂದು ಸಾರಲು ಸಂಜೆಯ ಹೊತ್ತು ಅದನ್ನು ಬಾರಿಸಿದರೆ ಗುಡ್ಡದಾಚೆಯ ಮನೆಯವರು ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು. ಅಂಥ ವಾದ್ಯಕ್ಕೂ ಈಗ ಮೈಕಿಡುತ್ತಾರೆ. ಯಾಕೆಂದು ಕೇಳಿದರೆ, ಭಾಗವತರಿಗೆ ಇಟ್ಟ ಮೇಲೆ ಚೆಂಡೆಯವರಿಗೆ ಇಡದಿದ್ದರೆ ಮುನಿಸು ಎನ್ನುತ್ತಾರೆ.

ಮೈಕಿನಿಂದ ಅತಿ ಹೆಚ್ಚು ಲಾಭವಾದದ್ದು ಹೆಂಗಸರ ದನಿಗೆ, ಇದನ್ನು ಒಪ್ಪಲೇಬೇಕು. ಕಿರುಚದೆ ಹಾಡಬಹುದು, ಒಂದು ಸಂಗತಿಯನ್ನು ಉಸಿರಿನಷ್ಟು ಮೆಲ್ಲಗೆ ಹೇಳಿದರೂ ಕೊನೆಯ ಸಾಲಿಗೆ ಮುಟ್ಟುತ್ತದೆ ಎಂಬ ಧೈರ್ಯ ಬಂತು. ಎಂ.ಎಸ್. ಸುಬ್ಬುಲಕ್ಷ್ಮಿ, ಡಿ.ಕೆ. ಪಟ್ಟಮ್ಮಾಳ್, ಎಂ.ಎಲ್. ವಸಂತಕುಮಾರಿ ಎದ್ದು ನಿಂತದ್ದು ಮೈಕೂ ರೇಡಿಯೋವೂ ಗ್ರಾಮಫೋನೂ ಕೂಡಿ ಬಂದ ಆ ದಿನಗಳಲ್ಲೇ. ಮೈಕೊಂದರಿಂದಲೇ ಅವರು ದೊಡ್ಡವರಾದರು ಎಂದು ನಾನು ಹೇಳುತ್ತಿಲ್ಲ. ಅವರ ಸಾಧನೆ ಅವರದು. ಆದರೆ ಗಂಟಲಿನ ಬಲವೇ ಪಾಂಡಿತ್ಯದ ಅಳತೆಗೋಲಾಗಿದ್ದ ಕಾಲ ಮುಗಿದದ್ದು ಮೈಕಿನಿಂದ.

ಹಾಗಾದರೆ ಮೃದಂಗಕ್ಕೇನಾಯಿತು? ಇಲ್ಲಿ ಪಾಲ್ಘಾಟ್ ಮಣಿ ಅಯ್ಯರ್ ಅವರ ಮಾತು ಬರಬೇಕು. 1912ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಚೆಂಬೈ ವೈದ್ಯನಾಥ ಭಾಗವತರಿಗೆ ನುಡಿಸಿದವರು. ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಎಂಬ ಮೂವರ ಜೋಡಿಯನ್ನು ನಮ್ಮ ಸೋದರಮಾವ ಕೊನೆಯವರೆಗೂ ನೆನೆಯುತ್ತಿದ್ದರು. 1966ರಲ್ಲಿ ಸಂಗೀತ ಕಲಾನಿಧಿ, 1971ರಲ್ಲಿ ಪದ್ಮಭೂಷಣ. ಇಷ್ಟು ದೊಡ್ಡ ಹೆಸರಿನ ವಿದ್ವಾಂಸರು 1960ರ ದಶಕದಲ್ಲಿ, ಮೈಕಿದ್ದರೆ ನಾನು ನುಡಿಸುವುದಿಲ್ಲ ಎಂದು ಹಠ ಹಿಡಿದರು. ಮೈಕಿಲ್ಲದ ಕಚೇರಿ ಏರ್ಪಡಿಸುವ ಸಭೆಗಳು ಎಷ್ಟಿರುತ್ತವೆ? ಕಚೇರಿಗಳು ತಪ್ಪಿಹೋದವು. ಆದರೂ ಕೆಲಕಾಲ ಹಠ ಬಿಡಲಿಲ್ಲ.

ಅವರ ಹಠದ ಒಳಗಿನ ತರ್ಕ, ನುಡಿಸಿದವರಿಗೆ ಬೇಗ ಅರ್ಥವಾಗುತ್ತದೆ. ಪಕ್ಕವಾದ್ಯದವನ ಕೆಲಸ ಹಾಡುವವರ ದನಿಯ ಜೊತೆ ಏರಿ ಇಳಿಯುವುದು. ಎಷ್ಟು ಮೆಲ್ಲಗೆ ನುಡಿಸಬೇಕೆಂಬುದನ್ನು ಕಿವಿ ಕೈಗೆ ಹೇಳುತ್ತದೆ. ಮೈಕು ಬಂದ ಮೇಲೆ ಆ ಅಳತೆ ವೇದಿಕೆಯ ಕೆಳಗೆ ಕುಳಿತು ಗುಂಡಿ ತಿರುಗಿಸುವವನ ಕೈಗೆ ಹೋಯಿತು. ನೀವು ಬೆರಳ ತುದಿಯಿಂದ ಸವರಿದ್ದು, ಅಂಗೈಯಿಂದ ಹೊಡೆದದ್ದು ಎರಡೂ ಒಂದೇ ಎತ್ತರಕ್ಕೆ ಬಂದು ನಿಂತರೆ, ಚಾಪು ಯಾವುದು, ಅರೆಚಾಪು ಯಾವುದು? ಮೇಲಾಗಿ ಹಾಡುವವರ ದನಿ ದೊಡ್ಡದಾಯಿತು ಎಂದು ಪಿಟೀಲಿನವರು ಏರಿಸಿ ಎನ್ನುತ್ತಾರೆ, ಪಿಟೀಲು ಏರಿತೆಂದು ಮೃದಂಗದವರು. ಕೊನೆಗೆ ಕಿವಿ ಮುಚ್ಚಿಕೊಳ್ಳುವವರು ನಾವು.

ಅವರ ಈ ಮಾತಿಗೆ ನನ್ನ ಮನಸ್ಸು ತಲೆದೂಗುತ್ತದೆ. ಆದರೆ ಅದೇ ಮಣಿ ಅಯ್ಯರ್ ಬಹಳ ಕಾಲ ಹೆಂಗಸರ ಹಾಡಿಗೆ ನುಡಿಸುತ್ತಿರಲಿಲ್ಲ ಎಂಬುದನ್ನು ಮರೆಯಲಾಗುವುದಿಲ್ಲ. ಆ ಕಾಲದ ಹೆಸರಾಂತ ಪಕ್ಕವಾದ್ಯದವರಲ್ಲಿ ಹಲವರ ರೀತಿಯೇ ಹಾಗಿತ್ತು. ಕೊನೆಗೆ ಆ ನಿಯಮ ಮುರಿದದ್ದು ಡಿ.ಕೆ. ಪಟ್ಟಮ್ಮಾಳ್ ಅವರಿಗಾಗಿ. ಮುಂದೆ ಮಣಿ ಅಯ್ಯರ್ ಅವರ ಮಗಳು ಪಟ್ಟಮ್ಮಾಳ್ ಅವರ ಸೊಸೆಯಾದರು. ಗಾಯಕಿ ನಿತ್ಯಶ್ರೀ ಮಹಾದೇವನ್ ಇಬ್ಬರಿಗೂ ಮೊಮ್ಮಗಳು. ನಿಯಮ ಮುರಿದದ್ದು ಪಾಂಡಿತ್ಯಕ್ಕೆ ತಲೆಬಾಗಿ, ಬೀಗತನ ಆಮೇಲಿನದು. ಆದರೂ ನಮ್ಮ ಮನೆಯ ಹೆಂಗಸರಿಗೆ ಬೀಗತನದ ಕಥೆಯೇ ಹೆಚ್ಚು ಇಷ್ಟ.

ಹೆಂಗಸರು ಹಾಡುವುದಕ್ಕೇ ಇಷ್ಟು ತಕರಾರಿದ್ದಾಗ ಚರ್ಮವಾದ್ಯ ಹಿಡಿದವರ ಗತಿ ಕೇಳಬೇಕೆ? ಆದರೂ ಹಿಡಿದವರಿದ್ದರು. ಪುದುಕೋಟೆಯ ಹತ್ತಿರದ ತಿರುಗೋಕರ್ಣದ ರಂಗನಾಯಕಿ ಅಮ್ಮಾಳ್, ಆ ಸೀಮೆಯ ಘನ ವಿದ್ವಾಂಸ ದಕ್ಷಿಣಾಮೂರ್ತಿ ಪಿಳ್ಳೆಯವರ ಶಿಷ್ಯೆ, ಕಳೆದ ಶತಮಾನದ ಮೊದಲ ಅರ್ಧದಲ್ಲೇ ವೇದಿಕೆ ಏರಿ ಮೃದಂಗ ನುಡಿಸಿದರು. ಆಂಧ್ರದಲ್ಲಿ ದಂಡಮೂಡಿ ಸುಮತಿಯವರು ಹೆಸರು ಮಾಡಿದರು. ನಮ್ಮ ಬೆಂಗಳೂರಿನಲ್ಲಿ ನೆಲೆಸಿದ ಸುಕನ್ಯಾ ರಾಮಗೋಪಾಲ್ ಘಟ ನುಡಿಸಲು ಕಲಿಯಹೊರಟಾಗ, ವಿಕ್ಕು ವಿನಾಯಕರಾಮ್ ಅವರೇ ಮೊದಲು ಹಿಂಜರಿದರಂತೆ: ಹೆಣ್ಣುಮಗುವಿನ ಬೆರಳಿಗೆ ಮಡಕೆ ಕಠಿಣ ಎಂದು. ಅವರ ತಂದೆ ಹರಿಹರ ಶರ್ಮರು ಕಲಿಸಲು ಮುಂದಾದರು. ಕಲಿತು ವೇದಿಕೆಗೆ ಬಂದ ಮೇಲೂ, ಹೆಂಗಸಿನ ಪಕ್ಕ ಕೂರುವುದಿಲ್ಲ ಎಂದ ಮೃದಂಗದವರಿದ್ದರು ಎಂದು ಆಕೆಯೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಓದಿದ ದಿನ ನಾನು ಎರಡು ಸಲ ಕಾಫಿ ಮಾಡಿ ಎರಡು ಸಲವೂ ಕುಡಿಯಲು ಮರೆತೆ. 1995ರಲ್ಲಿ ಆಕೆ ಹೆಂಗಸರೇ ಕೂಡಿದ ‘ಸ್ತ್ರೀ ತಾಳ ತರಂಗ’ ತಂಡ ಕಟ್ಟಿದರು.

ಈಗ ನನ್ನ ಎಡಗೈಗೆ ಬರುತ್ತೇನೆ. 1991ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡುವಾಗ ಅಣ್ಣನ ಹಳೆಯ ಕ್ಯಾಸೆಟ್ಟುಗಳು ಸಿಕ್ಕವು. ಒಂದರ ಮೇಲೆ ‘ರಾಮನವಮಿ 78’ ಎಂದು ಅವನ ಅಕ್ಷರ. ಆ ದಿನ ಅವನು ತನ್ನ ಹೊಸ ಟೇಪ್ ರೆಕಾರ್ಡರನ್ನು ತಂದು ನನ್ನ ಎಡಮಂಡಿಯ ಪಕ್ಕ ಇಟ್ಟಿದ್ದ. ಆಮೇಲೆ ಯಾರೂ ಅದನ್ನು ಹಾಕಿ ಕೇಳಿರಲಿಲ್ಲ. ಆ ಮಧ್ಯಾಹ್ನ ನಾವಿಬ್ಬರೂ ಧೂಳಿನಲ್ಲಿ ಕುಳಿತು ಕೇಳಿದೆವು. ಹಾಡು ದೂರದಲ್ಲೆಲ್ಲೋ ಕೇಳುತ್ತಿತ್ತು. ಎಡಗೈ ಮಾತ್ರ, ಒಂದೊಂದು ಗುಮ್ಕಿಯೂ, ಬಾವಿಯಿಂದ ಕೊಡ ಎತ್ತಿದ ಹಾಗೆ ತುಂಬಿ ತುಂಬಿ ಬರುತ್ತಿತ್ತು. ಅಣ್ಣ ಟೇಪು ನಿಲ್ಲಿಸಿ, ‘ಇದು ನೀನೇ ಏನೇ?’ ಎಂದ. ಅಲ್ಲ, ಪಕ್ಕದ ಮನೆಯವಳು ಎಂದೆ. ಇಬ್ಬರೂ ನಕ್ಕೆವು, ಆಮೇಲೆ ನಾನು ಅತ್ತೆ.

ಎಡಗೈ ಎಲ್ಲಿ ಹೋಗಿತ್ತು ಎಂಬುದನ್ನು ತಿಳಿಯಲು ಇನ್ನೂ ಕೆಲವು ವರ್ಷ ಹಿಡಿಯಿತು. ಮೊದಲನೆಯದಾಗಿ, ಇದ್ದದ್ದು ಒಂದೇ ಮೈಕು, ಅದರ ಮುಖ ಬಲಕ್ಕೆ. ಇಂಥ ಮೈಕುಗಳು ತಮ್ಮ ಮುಂದಿನ ದನಿಯನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಎತ್ತಿಕೊಳ್ಳುತ್ತವೆ. ಎರಡನೆಯದು, ಮರಕ್ಕೆ ಕಟ್ಟಿದ ಆ ಹಾರ್ನು. ತಗ್ಗು ದನಿ ಹೊರಡಿಸಬೇಕಾದರೆ ಹಾರ್ನಿನ ಬಾಯಿ ಬಹಳ ದೊಡ್ಡದಿರಬೇಕು. ನಮ್ಮ ಜಾತ್ರೆ, ಗಣಪತಿ ಚಪ್ಪರಗಳ ಹಾರ್ನುಗಳು ಮಾತಿಗೆಂದೇ ಮಾಡಿದಂಥವು; ಗಟ್ಟಿಯಾಗಿ ಕೂಗುತ್ತವೆ, ಆದರೆ ಕೆಳಸ್ಥಾಯಿಯನ್ನು ನುಂಗಿಬಿಡುತ್ತವೆ. ಪಾಲ್ಘಾಟ್ ಮಣಿ ಅಯ್ಯರ್ ಅವರನ್ನೇ ಆ ಚಪ್ಪರದಲ್ಲಿ, ಆ ಒಂದು ಮೈಕಿನ ಮುಂದೆ ಕೂರಿಸಿದ್ದರೂ ಬೀದಿಯಲ್ಲಿ ನಿಂತವರಿಗೆ ಎಡಗೈ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೆ ಅವರಿಗೆ ಯಾರೂ ಎಡಗೈಯೇ ಇಲ್ಲ ಎನ್ನುತ್ತಿರಲಿಲ್ಲ, ಮೈಕು ಸರಿಯಿಲ್ಲ ಎನ್ನುತ್ತಿದ್ದರು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದನ್ನು ಹೇಳಿದರು. ಕಾರಣವನ್ನು ಮಾತ್ರ ತಾವೇ ಸೇರಿಸಿದರು.

ಈಗಿನ ಸಮಸ್ಯೆ ಇದಕ್ಕೆ ತಿರುಗು ಮುರುಗು. ಮೃದಂಗಕ್ಕೆ ಬಲಕ್ಕೊಂದು ಎಡಕ್ಕೊಂದು ಎಂದು ಎರಡು ಮೈಕಿಡುವ ಪದ್ಧತಿ ಬಂದಿದೆ, ಹಾರ್ನಿನ ಬದಲು ಬೀರುವಿನಂಥ ಪೆಟ್ಟಿಗೆಗಳು ಬಂದಿವೆ. ಎಡಗಡೆಯ ಮೈಕನ್ನು ಚರ್ಮಕ್ಕೆ ಮೂಗು ತಾಗಿಸಿ ಇಟ್ಟುಬಿಡುತ್ತಾರೆ. ಈ ಬಗೆಯ ಮೈಕಿಗೆ ಒಂದು ಗುಣವಿದೆ, ದನಿ ಹತ್ತಿರವಾದಷ್ಟೂ ಅದರ ತಗ್ಗು ಭಾಗವನ್ನು ಉಬ್ಬಿಸಿ ತೋರಿಸುತ್ತದೆ. ಹಾಗಾಗಿ ಗುಮ್ಕಿ ಎಂಬುದು ಗೋಡೌನಿನಲ್ಲಿ ಮೂಟೆ ಎಸೆದ ಹಾಗೆ ಕೇಳುತ್ತದೆ. ಇನ್ನು ನುಡಿಸುವವರಿಗೆ ಕೇಳಲೆಂದು ಎದುರಿಗೆ ಮಾನಿಟರ್ ಇಡುತ್ತಾರೆ. ಅದರ ದನಿಗೆ ಮೃದಂಗದ ಚರ್ಮ ತಾನೇ ನಡುಗುತ್ತದೆ, ಆ ನಡುಕ ಮೈಕಿಗೆ, ಮೈಕಿನಿಂದ ಮತ್ತೆ ಮಾನಿಟರಿಗೆ, ಹೀಗೆ ಸುತ್ತಿ ಗುಂಯ್ ಎಂಬ ಒಂದು ಪಿಶಾಚಿ ಹುಟ್ಟುತ್ತದೆ. ಯಾರೂ ಮುಟ್ಟದ ಮೃದಂಗ ತಾನಾಗಿ ನುಡಿಯುವುದನ್ನು ನಾನೇ ಕಂಡಿದ್ದೇನೆ. ಇದಕ್ಕೆ ಮದ್ದು ಮಾನಿಟರನ್ನು ತಗ್ಗಿಸುವುದು, ಮೈಕನ್ನು ಸರಿಸುವುದು. ಅಷ್ಟೇ. ಆದರೆ ಕಚೇರಿಯ ನಡುವೆ ಹಾಗೆ ಹೇಳಲು ಹೆಂಗಸರಿಗೆ ಬಾಯಿ ಬರುವುದಿಲ್ಲ, ಗಂಡಸರಿಗೆ ಬರುವ ಬಾಯಿ ‘ಏರಿಸಿ’ ಎಂದಷ್ಟೇ.

ಬೆಂಗಳೂರಿನ ಕೆ. ವರದರಂಗನ್ ಅವರು ಚರ್ಮವನ್ನೇ ಬಿಟ್ಟು ಕೃತಕ ಹಾಳೆಯ ಮೃದಂಗ ಮಾಡಿದ್ದಾರೆ. ಮಳೆಗೆ ಸೆಕೆಗೆ ಶ್ರುತಿ ಅಷ್ಟು ಅಲುಗುವುದಿಲ್ಲ, ರವೆಯೂ ಬೇಡ. ನಾದಲು ರವೆಯಿಲ್ಲದ ಮೃದಂಗ ನನಗೇಕೋ ಒಗ್ಗಲಿಲ್ಲ. ಇದು ವಾದ್ಯದ ದೋಷವಲ್ಲ.

ಅಟ್ಟದಿಂದ ಇಳಿಸಿದ ಮೃದಂಗಕ್ಕೆ ಮುಚ್ಚಿಗೆ ಹಾಕಿಸಿದೆ. ತಂದವರನ್ನು ಈ ಸಲ ಒಳಗೆ ಕರೆದು ಊಟಕ್ಕೆ ಹಾಕಿದೆ. ಕಚೇರಿ ನುಡಿಸುವ ವಯಸ್ಸು ದಾಟಿತ್ತು. ಕೇರಿಯ ನಾಲ್ಕು ಹೆಣ್ಣುಮಕ್ಕಳಿಗೆ ಪಾಠ ಹೇಳತೊಡಗಿದೆ. ಅವರಲ್ಲೊಬ್ಬಳು ಹೋದ ರಾಮನವಮಿಗೆ ಅದೇ ಚಪ್ಪರದ ಜಾಗದಲ್ಲಿ, ಈಗ ಅಲ್ಲಿ ಸಿಮೆಂಟಿನ ಭವನವಿದೆ, ನುಡಿಸಬೇಕಿತ್ತು. ಕಚೇರಿ ಆರಕ್ಕೆ, ನಾನು ನಾಲ್ಕಕ್ಕೇ ಹೋಗಿ ಕುಳಿತೆ. ಮೈಕಿನ ಹುಡುಗ ಎಡಗಡೆಯ ಮೈಕನ್ನು ರವೆಗೆ ತಾಗಿಸಿಯೇ ಇಟ್ಟ.

‘ಒಂದು ಗೇಣು ಹಿಂದಕ್ಕಿಡಪ್ಪ’ ಎಂದೆ.

‘ಬೇಸ್ ಬರಲ್ಲ ಆಂಟಿ.’

‘ಬರುತ್ತೆ. ನೀನು ಇಡು, ನಾನು ಹಿಂದೆ ಹೋಗಿ ಕೇಳ್ತೀನಿ.’

ಕೊನೆಯ ಸಾಲಿಗೆ ಹೋದೆ, ಚಪ್ಪಲಿ ಬಿಡುವ ಜಾಗದ ಪಕ್ಕಕ್ಕೆ. ಮಕ್ಕಳು ಅತ್ತರೆ ಎದ್ದು ಹೋಗಲು ಅನುಕೂಲವೆಂದು ಹೆಂಗಸರು ಬಂದು ಕೂರುವುದು ಅಲ್ಲೇ. ಹುಡುಗಿ ವೇದಿಕೆಯಿಂದ ನನ್ನನ್ನೇ ನೋಡುತ್ತಾ ಅಂಗೈ ಬುಡದಿಂದ ಒಂದು ಗುಮ್ಕಿ ಎಳೆದಳು. ಸ್ವಲ್ಪ ಹೆಚ್ಚಾಗಿತ್ತು. ಕೈ ಕೆಳಗೆ ಮಾಡಿ ತೋರಿಸಿದೆ, ಮೈಕಿನ ಹುಡುಗ ತಗ್ಗಿಸಿದ. ಮತ್ತೊಮ್ಮೆ ಎಳೆದಳು. ಸಾಕು ಎಂದು ಕೈಯೆತ್ತಿದೆ. ಅವಳಿಗೆ ಕಾಣಿಸಲಿಲ್ಲವೋ ಏನೋ, ಇನ್ನೂ ಎರಡು ಸಲ ಎಳೆದಳು. ನಾನು ಬೇಡವೆನ್ನಲಿಲ್ಲ.